ಉಕ್ಕಿನ ಆಕಾಶದ ಕೆಳಗೆ ಮತ್ತೊಮ್ಮೆ: ಒಂದು ಹಳೆಯ ಸಾಹಸದ ಆಟವನ್ನು ಮರಳಿ ಆಡಿದ ಅನುಭವ

1994ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ‘ಬಿನೀತ್ ಎ ಸ್ಟೀಲ್ ಸ್ಕೈ’ ಎಂಬ ಕಂಪ್ಯೂಟರ್ ಆಟವನ್ನು ಆಡಿದವರು ನನ್ನ ಓರಗೆಯವರಲ್ಲಿ ತೀರಾ ವಿರಳ. ತನ್ನ ನಾಡಿನಲ್ಲಿ ಅದು ಒಳ್ಳೆಯ ಮೆಚ್ಚುಗೆ ಪಡೆದ ಆಟವೇ ಆಗಿತ್ತು. ಆದರೂ ಸಾಹಸದ ಆಟಗಳ, ಅಂದರೆ ಕಥೆಯೊಳಗೆ ಓಡಾಡುತ್ತ, ಪಾತ್ರಗಳನ್ನು ಮಾತನಾಡಿಸುತ್ತ ಒಗಟು ಬಿಡಿಸುವ ಆಟಗಳ ಮಾತು ಬಂದಾಗಲೆಲ್ಲ ಅಮೆರಿಕದ ಲ್ಯೂಕಸ್‌ಆರ್ಟ್ಸ್ ಮತ್ತು ಸಿಯೆರಾ ಸಂಸ್ಥೆಗಳ ಹೆಸರೇ ಮೊದಲು ಕೇಳಿಬರುತ್ತದೆ. ನಮ್ಮ ಊರುಗಳಲ್ಲಂತೂ ಬೈಕು ಓಡಿಸುವ, ಗುಂಡು ಹಾರಿಸುವ ಆಟಗಳ ಅಬ್ಬರದಲ್ಲಿ ಇಂಥದೊಂದು ಇದೆಯೆಂಬುದೇ ಹೆಚ್ಚಿನವರಿಗೆ ತಿಳಿಯಲಿಲ್ಲ. ಈಚೆಗೆ ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಆಡಿ ಮುಗಿಸಿದೆ. ಆಡುವವನನ್ನು ನಿಲ್ಲಿಸಿ, ಕಾಯಿಸಿ, ಸುತ್ತಲಿನವರ ಮಾತಿಗೆ ಕಿವಿಗೊಡುವಂತೆ ಮಾಡುವುದರಲ್ಲಿಯೇ ಈ ಆಟದ ನಿಜವಾದ ಕಸುಬುದಾರಿಕೆ ಇದೆ ಎಂಬುದು ನನಗೆ ಈ ಸಲ ಮನವರಿಕೆಯಾಯಿತು. ಅವಸರದಲ್ಲಿ ಆಡಿದವರಿಗೆ ಅದು ಕಾಣಿಸುವುದಿಲ್ಲ. ಆದ್ದರಿಂದ ಅದನ್ನು ಅವಸರವಿಲ್ಲದೆ ಆಡಲು ನಾನು ಏನೇನು ಏರ್ಪಾಡು ಮಾಡಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಆಟ ನಮಗೆ ದೊರೆತದ್ದು ಒಂದು ವಿಶೇಷ ಕಾರಣದಿಂದ. ಇದನ್ನು ತಯಾರಿಸಿದ ರೆವಲ್ಯೂಷನ್ ಸಾಫ್ಟ್‌ವೇರ್ ಸಂಸ್ಥೆ 2003ರ ಆಗಸ್ಟ್‌ನಲ್ಲಿ ಇದನ್ನು ಯಾರು ಬೇಕಾದರೂ ಹಣ ಕೊಡದೆ ಪಡೆದು, ಆಡಿ, ಹಂಚಿಕೊಳ್ಳಬಹುದಾದ ಆಟವನ್ನಾಗಿ ಬಿಡುಗಡೆ ಮಾಡಿತು. ಹಾಗಾಗಿ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಯ ಡೆಬಿಯನ್‌ನಂಥ ವಿತರಣೆಗಳಲ್ಲಿ ಇದು ಸೇರಿಕೊಂಡಿತು. ಸಾಗರದಲ್ಲಿದ್ದ ನನ್ನ ಚಿಕ್ಕಪ್ಪನಿಗೆ ಲಿನಕ್ಸ್‌ನಲ್ಲಿ ಆಸಕ್ತಿಯಿತ್ತು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬರುತ್ತಿದ್ದ ಡಿವಿಡಿಗಳನ್ನು ಅವರು ಜೋಪಾನವಾಗಿ ಎತ್ತಿಡುತ್ತಿದ್ದರು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಅವರ ಮಗ, ನಾನು ಅಣ್ಣ ಎಂದು ಕರೆಯುವವನು, ಆಟಗಳ ಪಟ್ಟಿಯಲ್ಲಿ ಇದನ್ನು ಹುಡುಕಿ ತೆರೆದ. ಆಗ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಸಿಕ್ಕಿಹಾಕಿಕೊಂಡರೆ ದಾರಿ ತೋರಿಸುವವರೂ ಇರಲಿಲ್ಲ. ಲೋಡ್ ಶೆಡ್ಡಿಂಗ್ ವೇಳೆ ಗೊತ್ತಿದ್ದರಿಂದ ಕರೆಂಟು ಹೋಗುವ ಮೊದಲೇ ಸೇವ್ ಮಾಡಿ, ಕತ್ತಲಲ್ಲಿ ಜಗಲಿಯ ಮೇಲೆ ಕುಳಿತು ಮುಂದೇನು ಮಾಡಬಹುದೆಂದು ಚರ್ಚಿಸುತ್ತಿದ್ದೆವು. ಆಟದ ಅರ್ಧ ಭಾಗ ನಡೆದದ್ದು ಆ ಜಗಲಿಯ ಮೇಲೆಯೇ ಎಂದರೆ ಹೆಚ್ಚಲ್ಲ.

ಕಥೆಯನ್ನು ಸ್ವಲ್ಪ ಹೇಳಬೇಕು. ಅದು ನಡೆಯುವುದು ಮುಂದೆಂದೋ ಒಂದು ಕಾಲದ ಆಸ್ಟ್ರೇಲಿಯಾದಲ್ಲಿ. ದೇಶವೆಲ್ಲ ಹಾಳಾಗಿ ಕೆಲವೇ ಬೃಹತ್ ನಗರಗಳು ಉಳಿದಿವೆ. ಅವುಗಳ ನಡುವಿನ ಬರಡು ನೆಲವನ್ನು ‘ಗ್ಯಾಪ್’ ಎಂದು ಕರೆಯುತ್ತಾರೆ. ಮಗುವಾಗಿದ್ದಾಗ ಹೆಲಿಕಾಪ್ಟರ್ ಅಪಘಾತದಲ್ಲಿ ಬದುಕುಳಿದ ರಾಬರ್ಟ್ ಆ ಬರಡಿನ ಜನರ ನಡುವೆ ಬೆಳೆಯುತ್ತಾನೆ. ಅವನಿಗೆ ಫಾಸ್ಟರ್ ಎಂಬ ಹೆಸರು ಬಂದದ್ದು ಅಲ್ಲಿ ಸಿಕ್ಕ ಒಂದು ಬಿಯರ್ ಡಬ್ಬಿಯಿಂದ. ಗುಜರಿಯಲ್ಲಿ ಸಿಕ್ಕ ಬಿಡಿಭಾಗಗಳಿಂದ ಅವನೇ ಜೋಡಿಸಿದ ಜೋಯಿ ಎಂಬ ರೋಬಾಟ್ ಅವನ ಗೆಳೆಯ. ಒಂದು ದಿನ ಯೂನಿಯನ್ ಸಿಟಿಯಿಂದ ಬಂದ ರೈಕ್ ಎಂಬ ಅಧಿಕಾರಿ ಅವನ ಜನರನ್ನು ನಾಶಮಾಡಿ ಅವನನ್ನು ಹೊತ್ತೊಯ್ಯುತ್ತಾನೆ. ನಗರದ ಮೇಲೆ ಹೆಲಿಕಾಪ್ಟರ್ ಉರುಳಿಬೀಳುತ್ತದೆ. ಫಾಸ್ಟರ್ ತಪ್ಪಿಸಿಕೊಂಡು ಒಂದು ಕಾರ್ಖಾನೆಯೊಳಗೆ ನುಗ್ಗುತ್ತಾನೆ. ಅಲ್ಲಿಂದ ಆಟ ನಮ್ಮ ಕೈಗೆ ಬರುತ್ತದೆ. ಈ ನಗರದಲ್ಲಿ ಹೊಗೆ, ಕಾರ್ಖಾನೆ, ಕೂಲಿಗಳು ಎಲ್ಲ ಇರುವುದು ಮೇಲಿನ ಅಂತಸ್ತಿನಲ್ಲಿ. ಕೆಳಗಿಳಿದಂತೆಲ್ಲ ಸಿರಿವಂತಿಕೆ ಹೆಚ್ಚುತ್ತದೆ, ನೆಲಮಟ್ಟದಲ್ಲಿ ಗಿಡಮರಗಳಿರುವ ಉದ್ಯಾನವೇ ಇದೆ. ಕಥೆಯ ಉದ್ದಕ್ಕೂ ನಾವು ಇಳಿಯುತ್ತಲೇ ಹೋಗುತ್ತೇವೆ. ನಗರವನ್ನೆಲ್ಲ ಆಳುವ ಲಿಂಕ್ ಎಂಬ ಕಂಪ್ಯೂಟರ್ ಎಲ್ಲಕ್ಕಿಂತ ಕೆಳಗೆ ಕಾದಿರುತ್ತದೆ.

ಇಷ್ಟು ವರ್ಷಗಳ ಮೇಲೆ ಅದನ್ನು ಮತ್ತೆ ಆಡಬೇಕೆಂದಾಗ ಮೊದಲ ಕೆಲಸವೆಂದರೆ ಆಟವನ್ನು ಈಗಿನ ಲ್ಯಾಪ್‌ಟಾಪಿನಲ್ಲಿ ನಡೆಸುವುದು. ಅದಕ್ಕೆ ಸ್ಕಮ್‌ವಿಎಂ ಎಂಬ ತಂತ್ರಾಂಶವಿದೆ. 2001ರಲ್ಲಿ ಆರಂಭವಾದ ಈ ಯೋಜನೆ ಹಳೆಯ ಕಂಪ್ಯೂಟರನ್ನು ಅನುಕರಿಸುವ ಬದಲು ಆಟವನ್ನು ನಡೆಸುವ ಎಂಜಿನ್ ಭಾಗವನ್ನೇ ಹೊಸದಾಗಿ ಬರೆದುಕೊಂಡು, ಮೂಲ ಆಟದ ಚಿತ್ರ, ಧ್ವನಿ, ಮಾತುಗಳ ಕಡತಗಳನ್ನು ಓದುತ್ತದೆ. ಆದ್ದರಿಂದಲೇ ಡಾಸ್ ಎಂಬ ಹಳೆಯ ಕಾರ್ಯಾಚರಣೆ ವ್ಯವಸ್ಥೆಯ ಕಾಲದ ಆಟ ವಿಂಡೋಸ್, ಲಿನಕ್ಸ್, ಮೊಬೈಲ್ ಎಲ್ಲದರಲ್ಲಿಯೂ ಒಂದೇ ರೀತಿ ನಡೆಯುತ್ತದೆ. ಈ ಆಟದ ವಿಷಯದಲ್ಲಿ ಮೂಲ ಸಂಸ್ಥೆಯೇ ಆಟವನ್ನು ಬರೆದ ಸೋರ್ಸ್ ಕೋಡನ್ನು ಆ ತಂಡಕ್ಕೆ ಒದಗಿಸಿತ್ತು. ಆಟದ ಕಡತಗಳು ಸ್ಕಮ್‌ವಿಎಂ ತಾಣದಲ್ಲಿಯೇ ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡು, ಬಿಚ್ಚಿ, ಆ ಫೋಲ್ಡರನ್ನು ತೋರಿಸಿದರೆ ಸಾಕು. ಫ್ಲಾಪಿ ಆವೃತ್ತಿ, ಸಿಡಿ ಆವೃತ್ತಿ ಎಂದು ಎರಡಿವೆ. ಪಾತ್ರಗಳ ಮಾತು ಧ್ವನಿಯಾಗಿ ಕೇಳುವುದು ಸಿಡಿ ಆವೃತ್ತಿಯಲ್ಲಿ ಮಾತ್ರ, ಆದ್ದರಿಂದ ನಾನು ಅದನ್ನೇ ಆರಿಸಿಕೊಂಡೆ.

ಸೆಟ್ಟಿಂಗ್‌ಗಳಲ್ಲಿ ಗಮನಿಸಬೇಕಾದವು ಹೆಚ್ಚಿಲ್ಲ, ಆದರೆ ಇರುವಷ್ಟು ಮುಖ್ಯ. ಆಟದ ಚಿತ್ರಗಳ ಅಳತೆ 320×200 ಚುಕ್ಕೆಗಳು. ಆ ಕಾಲದ ಮಾನಿಟರುಗಳು ಅದನ್ನು ಸ್ವಲ್ಪ ಎತ್ತರಕ್ಕೆ ಹಿಗ್ಗಿಸಿ ತೋರಿಸುತ್ತಿದ್ದವು. ಇಂದಿನ ಪರದೆಯಲ್ಲಿ ಹಾಗೆಯೇ ಬಿಟ್ಟರೆ ಮನುಷ್ಯರೆಲ್ಲ ಕುಳ್ಳಗೆ, ಅಗಲವಾಗಿ ಕಾಣುತ್ತಾರೆ. ಸ್ಕಮ್‌ವಿಎಂನಲ್ಲಿ ಆಸ್ಪೆಕ್ಟ್ ರೇಶಿಯೋ, ಅಂದರೆ ಅಗಲ-ಎತ್ತರಗಳ ಪ್ರಮಾಣ ಸರಿಪಡಿಸುವ ಆಯ್ಕೆಯನ್ನು ಒತ್ತಿದರೆ ಚಿತ್ರ 240 ಸಾಲುಗಳಿಗೆ ಹಿಗ್ಗಿ ಮೂಲದ ಮೈಕಟ್ಟು ಮರಳುತ್ತದೆ. ಚಿತ್ರದ ಅಂಚುಗಳನ್ನು ನಯಗೊಳಿಸುವ ಫಿಲ್ಟರುಗಳನ್ನು ನಾನು ಬಳಸಲಿಲ್ಲ, ಯಾರಿಗೂ ಬಳಸಿರೆಂದು ಹೇಳುವುದೂ ಇಲ್ಲ. ಅವು ಕಾರ್ಖಾನೆಯ ತುಕ್ಕನ್ನೂ ಮೋಡದ ಕೊಳೆಯನ್ನೂ ತೊಳೆದು ಹಾಕಿಬಿಡುತ್ತವೆ. ಧ್ವನಿ ಮತ್ತು ಅಕ್ಷರ ಎರಡೂ ಒಟ್ಟಿಗೆ ಬರುವಂತೆ ಇಟ್ಟುಕೊಂಡೆ, ಏಕೆಂದರೆ ಕೆಲವು ಪಾತ್ರಗಳ ಉಚ್ಚಾರಣೆ ನಮ್ಮ ಕಿವಿಗೆ ಒಗ್ಗಲು ಹೊತ್ತು ಬೇಕು. ಸಂಗೀತಕ್ಕೆ ಆಡ್‌ಲಿಬ್ ಎಂಬ ಹಳೆಯ ಸೌಂಡ್ ಕಾರ್ಡಿನ ಆಯ್ಕೆಯನ್ನೇ ಉಳಿಸಿಕೊಂಡೆ. ಸಾಗರದ ಆ ಕಂಪ್ಯೂಟರಿನಿಂದ ಬರುತ್ತಿದ್ದದ್ದು ಅದೇ ನಾದ.

ಆಮೇಲೆ ನನಗೆ ನಾನೇ ಕೆಲವು ಕಟ್ಟಳೆಗಳನ್ನು ಹಾಕಿಕೊಂಡೆ. ವಾಕ್‌ಥ್ರೂ, ಅಂದರೆ ಒಗಟುಗಳ ಉತ್ತರವನ್ನು ಹೆಜ್ಜೆಹೆಜ್ಜೆಯಾಗಿ ಹೇಳುವ ಬರಹ, ನೋಡಬಾರದು ಎಂಬುದು ಮೊದಲನೆಯದು. ಎರಡನೆಯದು ವೇಗಕ್ಕೆ ಸಂಬಂಧಿಸಿದ್ದು. ಸ್ಕಮ್‌ವಿಎಂನಲ್ಲಿ ಈ ಆಟಕ್ಕೆ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೇಗವಾಗಿ, ಕಂಟ್ರೋಲ್ ಮತ್ತು ಜಿ ಒತ್ತಿದರೆ ಇನ್ನೂ ವೇಗವಾಗಿ ಎಲ್ಲವೂ ಓಡತೊಡಗುತ್ತದೆ. ಚುಕ್ಕಿಯ ಕೀಲಿ ಒತ್ತಿದರೆ ಮಾತಿನ ಸಾಲನ್ನು ಹಾರಿಸಬಹುದು. ಇವು ಉಪಯುಕ್ತ ಸೌಕರ್ಯಗಳೇ. ಆದರೂ ನಾನು ಅವನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಅಂತಸ್ತಿನ ನಕ್ಷೆ, ಯಾರು ಯಾವ ಕೋಣೆಯಿಂದ ಯಾವ ಕೋಣೆಗೆ ಓಡಾಡುತ್ತಾರೆ, ಯಾರು ಯಾವ ಮಾತಿಗೆ ಸಿಡುಕಿದರು ಎಂಬುದನ್ನೆಲ್ಲ ಬರೆದುಕೊಳ್ಳುತ್ತ ಹೋದೆ. ರಾತ್ರಿ ಊಟವಾದ ಮೇಲೆ ಸುಮಾರು ಒಂದು ಗಂಟೆ ಮಾತ್ರ ಆಟ. ಒಗಟು ಬಿಡಿಸಲಾಗದಿದ್ದರೆ ಲ್ಯಾಪ್‌ಟಾಪ್ ಮುಚ್ಚಿ, ಮರುದಿನ ಕೆಲಸದ ನಡುವೆ ನೆನಪಾದಾಗ ಅದರ ಬಗ್ಗೆ ಯೋಚಿಸುವುದು. ಇಂಟರ್ನೆಟ್ ಇಲ್ಲದ ಆ ಮನೆಯಲ್ಲಿ ಸಹಜವಾಗಿಯೇ ಇದ್ದ ನಿಧಾನವನ್ನು ಈಗ ಪ್ರಯತ್ನಪೂರ್ವಕವಾಗಿ ಕಟ್ಟಿಕೊಳ್ಳಬೇಕಾಯಿತು.

ಆ ನಿಧಾನ ಏಕೆ ಬೇಕೆಂದರೆ, ಆಟದ ಒಳಗಿನ ವ್ಯವಸ್ಥೆಯೇ ಹಾಗಿದೆ. ರೆವಲ್ಯೂಷನ್‌ನವರು 1992ರ ತಮ್ಮ ಮೊದಲ ಆಟ ‘ಲೂರ್ ಆಫ್ ದ ಟೆಂಪ್ಟ್ರೆಸ್’ಗಾಗಿ ವರ್ಚುವಲ್ ಥಿಯೇಟರ್ ಎಂಬ ಎಂಜಿನ್ ರೂಪಿಸಿದ್ದರು. ಅದರಲ್ಲಿ ಪಾತ್ರಗಳು ನಾವು ಬಂದು ಮಾತನಾಡಿಸುವವರೆಗೆ ಗೊಂಬೆಗಳಂತೆ ನಿಂತಿರುವುದಿಲ್ಲ. ತಮ್ಮ ಕೆಲಸಕ್ಕೆ ತಾವು ಹೋಗುತ್ತವೆ, ಬರುತ್ತವೆ, ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿಯುತ್ತವೆ. ‘ಸ್ಟೀಲ್ ಸ್ಕೈ’ನಲ್ಲಿ ಈ ಓಡಾಟವನ್ನು ಸ್ವಲ್ಪ ಹದಕ್ಕೆ ತಂದಿದ್ದಾರೆ. ಕಾರ್ಖಾನೆಯಲ್ಲಿ ಹಾಬಿನ್ಸ್ ಎಂಬ ಕೆಲಸಗಾರ ತನ್ನ ಕೋಣೆಯಲ್ಲಿದ್ದಾನೋ ಇಲ್ಲವೋ ಎಂಬುದರ ಮೇಲೆ ನಾವು ಮಾಡಬಹುದಾದ ಕೆಲಸ ನಿಂತಿದೆ. ಎಷ್ಟೋ ಕಡೆ ಒಗಟಿಗೆ ಬೇಕಾದದ್ದು ಹೊಸ ವಸ್ತುವಲ್ಲ, ಒಬ್ಬ ಮನುಷ್ಯ ಅತ್ತ ಹೋಗುವ ಗಳಿಗೆ. ವೇಗದ ಕೀಲಿ ಒತ್ತಿ ಆಡಿದರೆ ಈ ಜನರೆಲ್ಲ ನಮಗೆ ಅಡ್ಡಿಗಳಾಗಿ ಕಾಣುತ್ತಾರೆ. ಸುಮ್ಮನೆ ನಿಂತು ನೋಡಿದರೆ ಇವರಿಗೆ ನಮ್ಮನ್ನು ಬಿಟ್ಟು ಬೇರೆ ಬದುಕಿದೆ ಎಂಬುದು ತಿಳಿಯುತ್ತದೆ. ನಗರವೊಂದನ್ನು ಕೆಲವೇ ಹತ್ತು ಚಿತ್ರಗಳಲ್ಲಿ ಜೀವಂತವಾಗಿ ತೋರಿಸಲು ಇದಕ್ಕಿಂತ ಪ್ರಾಮಾಣಿಕವಾದ ಉಪಾಯ ಆ ಕಾಲದ ಆಟಗಳಲ್ಲಿ ನನಗೆ ಕಂಡಿಲ್ಲ.

ಆಡುವ ಕ್ರಮ ಸರಳ. ಮೌಸ್‌ನ ಎಡಗುಂಡಿ ಒತ್ತಿದರೆ ಫಾಸ್ಟರ್ ಆ ವಸ್ತುವನ್ನು ನೋಡಿ ಏನಾದರೂ ಹೇಳುತ್ತಾನೆ; ಬಲಗುಂಡಿ ಒತ್ತಿದರೆ ಅದನ್ನು ಬಳಸುತ್ತಾನೆ, ಎತ್ತಿಕೊಳ್ಳುತ್ತಾನೆ ಅಥವಾ ಮಾತನಾಡಿಸುತ್ತಾನೆ. ಬಾಣವನ್ನು ಪರದೆಯ ತುದಿಗೆ ಒಯ್ದರೆ ಅವನ ಬಳಿಯಿರುವ ಸಾಮಾನುಗಳು ಕಾಣುತ್ತವೆ. ಮೊದಲ ದೃಶ್ಯದಲ್ಲಿ ಕಾವಲುಗಾರ ಹುಡುಕುತ್ತಿರುವಾಗ ಮೆಟ್ಟಿಲಿನ ಒಂದು ಕಬ್ಬಿಣದ ಸರಳನ್ನು ಕಿತ್ತುಕೊಂಡು ಅದರಿಂದ ಬಾಗಿಲು ಮೀಟಬೇಕು. ಸ್ವಲ್ಪ ಮುಂದೆ ಗುಜರಿ ಕೋಣೆಯಲ್ಲಿ ಯಾರೋ ಎಸೆದ ಒಂದು ರೋಬಾಟಿನ ಹೊರಕವಚ ಬಿದ್ದಿರುತ್ತದೆ. ಫಾಸ್ಟರ್ ಜೇಬಿನಲ್ಲಿಟ್ಟುಕೊಂಡು ಬಂದ ಜೋಯಿಯ ಸರ್ಕ್ಯೂಟ್ ಬೋರ್ಡನ್ನು ಅದರೊಳಗೆ ಸೇರಿಸಿದರೆ ಜೋಯಿ ಎಚ್ಚರಗೊಳ್ಳುತ್ತಾನೆ. ತನಗೆ ದೊರೆತ ಆ ಕುಳ್ಳ ದೇಹ ಅವನಿಗೆ ಒಂಚೂರೂ ಹಿಡಿಸುವುದಿಲ್ಲ, ಅದನ್ನು ಅವನು ಬಾಯಿಬಿಟ್ಟು ಹೇಳುತ್ತಾನೆ. ಕಥೆ ಮುಂದುವರಿದಂತೆ ಅವನು ಬೇರೆ ಬೇರೆ ಕವಚಗಳಿಗೆ ಬದಲಾಗುತ್ತಾನೆ, ಬೆಸುಗೆ ಹಾಕುವ ಯಂತ್ರವಾಗುತ್ತಾನೆ, ಮುಂದೆ ಇನ್ನೇನೋ ಆಗುತ್ತಾನೆ. ಆದರೆ ಅವನ ಮಾತಿನ ಚುರುಕು ಮಾತ್ರ ಎಲ್ಲಿಯೂ ತಪ್ಪುವುದಿಲ್ಲ. ಡೇವ್ ಕಮಿನ್ಸ್ ಬರೆದ ಸಂಭಾಷಣೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಇಬ್ಬರ ಜಗಳ. ಕತ್ತಲೆ ಕವಿದ ಕಥೆಯನ್ನು ಭಾರವಾಗದಂತೆ ಹೊತ್ತು ನಡೆಸುವುದು ಅದೇ.

ಒಂದು ವಾರಾಂತ್ಯ ಅಕ್ಕ ಮಗಳೊಡನೆ ಮನೆಗೆ ಬಂದಿದ್ದಳು. ಹುಡುಗಿ ಆರನೆಯ ತರಗತಿಯಲ್ಲಿದ್ದಾಳೆ, ಮೊಬೈಲ್ ಆಟಗಳಲ್ಲಿ ಪಳಗಿದವಳು. ನಾನು ಆಡುವುದನ್ನು ಸ್ವಲ್ಪ ಹೊತ್ತು ನೋಡಿ, “ಮಾಮ, ಇದರಲ್ಲಿ ಏನೂ ಆಗ್ತಾನೇ ಇಲ್ವಲ್ಲ?” ಎಂದಳು. “ಆ ಮನುಷ್ಯ ಎಲ್ಲಿಗೆ ಹೋಗ್ತಾನೆ ನೋಡ್ತಾ ಇರು” ಎಂದೆ. ಆಮೇಲೆ ಪಾತ್ರಗಳ ಮಾತನ್ನೆಲ್ಲ ಅವಳಿಗಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ಅರ್ಧ ಗಂಟೆಯೊಳಗೆ ನೋಟ್‌ಬುಕ್ ಅವಳ ಕೈಗೆ ಹೋಗಿತ್ತು. ನನ್ನ ನಕ್ಷೆಯ ಮೇಲೆ ಬಾಣದ ಗುರುತುಗಳನ್ನು ಹಾಕಿ ಯಾರ ದಾರಿ ಯಾವುದೆಂದು ಬರೆದವಳು ಅವಳೇ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಸಾಹಸದ ಆಟಕ್ಕೆ ಬರುವ ಕಳೆಯೇ ಬೇರೆ. ಕೈ ಒಬ್ಬರದಾದರೂ ಆಲೋಚನೆ ಇಬ್ಬರದಾಗುತ್ತದೆ, ಮಾಡಿದ್ದಕ್ಕೆ ಕಾರಣ ಕೊಡಬೇಕಾಗುತ್ತದೆ. ಮಕ್ಕಳೊಡನೆ ಆಡುವವರಿಗೆ ಒಂದು ಸೂಚನೆ: ಮಧ್ಯದಲ್ಲಿ ಬರುವ ಡಾಕ್ಟರ್ ಬರ್ಕ್ ಅವರ ಶಸ್ತ್ರಚಿಕಿತ್ಸಾಲಯದ ಸಂಭಾಷಣೆ ದೊಡ್ಡವರ ಹಾಸ್ಯ, ಕೆಲವು ಸಾವುಗಳೂ ಕ್ರೂರವಾಗಿವೆ. ಅಂಥ ಭಾಗಗಳನ್ನು ಮೊದಲು ತಾವು ಆಡಿ ನೋಡುವುದು ಒಳ್ಳೆಯದು.

ನಾವಿಬ್ಬರೂ ಕೂಡಿ ಬಿಡಿಸಿದ ಒಗಟುಗಳಲ್ಲಿ ಲಂಗರಿನ ಒಗಟನ್ನು ಇಲ್ಲಿ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಆಟದ ಒಗಟುಗಳ ಜಾಯಮಾನ ಅದರಲ್ಲಿ ಸ್ಪಷ್ಟವಾಗಿದೆ. ಕಾವಲು ಪಡೆಯ ಕಟ್ಟಡದೊಳಗೆ ಹೋಗಬೇಕು, ಆದರೆ ಬಾಗಿಲಿನಿಂದ ಪ್ರವೇಶವಿಲ್ಲ. ಅದೇ ನಗರದಲ್ಲಿ ಆ್ಯಂಕರ್ ಎಂಬ ವಿಮಾ ಕಚೇರಿಯಿದೆ. ಅದರೊಳಗೆ ಹೆಸರಿಗೆ ತಕ್ಕಂತೆ ಲಂಗರು ಹಿಡಿದ ಒಂದು ಪ್ರತಿಮೆ. ಲಂಗರು ಕಂಡ ಕೂಡಲೇ ಅದು ಬೇಕೆಂದು ಅನ್ನಿಸುತ್ತದೆ, ಆದರೆ ಏಜೆಂಟ್ ಅಲ್ಲಿಯೇ ಕುಳಿತಿರುತ್ತಾನೆ. ಅವನಿಗೆ ಒಂದು ಪಾಲಿಸಿಯ ವಿಚಾರ ತೆಗೆದು ಫೋನಿಗೆ ಕಳುಹಿಸಬೇಕು. ಅವನು ಬೆನ್ನು ತಿರುಗಿಸಿದ ಹೊತ್ತಿನಲ್ಲಿ ಬೆಸುಗೆ ಯಂತ್ರದ ದೇಹದಲ್ಲಿರುವ ಜೋಯಿ ಲಂಗರನ್ನು ಕತ್ತರಿಸಬೇಕು. ಅದಕ್ಕೆ ಕೇಬಲ್ ಕಟ್ಟಿದರೆ ಎಸೆದು ಸಿಕ್ಕಿಸುವ ಕೊಕ್ಕೆಯಾಗುತ್ತದೆ, ಅದನ್ನು ಹಿಡಿದು ಫಾಸ್ಟರ್ ಎದುರಿನ ಕಟ್ಟಡಕ್ಕೆ ಜೋತಾಡಿ ಹಾರುತ್ತಾನೆ. ಇಲ್ಲಿ ಅರ್ಥವಿಲ್ಲದ ಹೆಜ್ಜೆ ಒಂದೂ ಇಲ್ಲ. ಕಚೇರಿಯ ಹೆಸರು, ಪ್ರತಿಮೆ, ಏಜೆಂಟನ ಸ್ವಭಾವ, ಜೋಯಿಯ ಆ ಹೊತ್ತಿನ ದೇಹ, ಎಲ್ಲವೂ ಕಥೆಗೆ ಬೇಕಾಗಿಯೇ ಇದ್ದವು. ಆಮೇಲೆ ಒಂದಕ್ಕೊಂದು ಕೂಡಿಕೊಂಡವು. ಆ ಕಾಲದ ಬೇರೆ ಎಷ್ಟೋ ಆಟಗಳಲ್ಲಿ ವಸ್ತುಗಳನ್ನು ಒಂದರ ಮೇಲೊಂದು ಉಜ್ಜಿ ನೋಡುತ್ತ ಕೂರಬೇಕಾಗುತ್ತಿತ್ತು. ಇಲ್ಲಿ ಯೋಚಿಸಿದರೆ ದಾರಿ ಸಿಗುತ್ತದೆ.

ಚಿಕ್ಕವನಾಗಿದ್ದಾಗ ನನಗೆ ಬರೀ ಒಗಟಾಗಿ ಕಂಡ ಒಂದು ಪ್ರಸಂಗ ಈ ಸಲ ಬೇರೆಯಾಗಿಯೇ ತಟ್ಟಿತು. ಲ್ಯಾಂಬ್ ಎಂಬವನು ಕಾರ್ಖಾನೆಯ ಮೇಲಧಿಕಾರಿ, ದರ್ಪದ ಮನುಷ್ಯ. ರೈಕ್‌ನ ಗುರುತಿನ ಕಾರ್ಡ್ ನಮ್ಮ ಕೈಸೇರಿದ ಮೇಲೆ ಲಿಂಕ್ ಟರ್ಮಿನಲ್‌ನಲ್ಲಿ ಲ್ಯಾಂಬ್‌ನ ಸ್ಥಾನಮಾನವನ್ನು ಅಳಿಸಿಹಾಕುವ ಅಧಿಕಾರ ನಮಗೆ ದೊರೆಯುತ್ತದೆ. ಒಂದು ಗುಂಡಿ ಒತ್ತಿದರೆ ಸಾಕು, ಲಿಫ್ಟು ಅವನಿಗೆ ತೆರೆಯುವುದಿಲ್ಲ, ತನ್ನ ಮನೆಗೇ ಅವನು ಹೋಗಲಾರ, ಮನೆಯಲ್ಲಿರುವ ಬೆಕ್ಕಿಗೆ ಊಟ ಹಾಕಲಾರ. ಮೊನ್ನೆಯವರೆಗೆ ಗದರಿಸುತ್ತಿದ್ದವನು ಬೆಕ್ಕಿಗಾಗಿ ನಮ್ಮನ್ನು ಬೇಡಿಕೊಳ್ಳುತ್ತಾನೆ. ಹುಡುಗರಾಗಿದ್ದಾಗ ನಾನೂ ಅಣ್ಣನೂ ಇದನ್ನು ಕಂಡು ನಕ್ಕಿದ್ದೆವು. ಈಗ ಬಾಗಿಲು, ಲಿಫ್ಟು, ಸಂಬಳ ಎಲ್ಲವೂ ಒಂದು ಕಾರ್ಡು ಮತ್ತು ಒಂದು ದಾಖಲೆಯ ಮೇಲೆ ನಿಂತಿರುವ ಕಚೇರಿಯಲ್ಲಿ ಕೆಲಸ ಮಾಡುವವನಾಗಿ ಆ ದೃಶ್ಯದಲ್ಲಿ ಬಹಳ ಹೊತ್ತು ನಿಂತೆ. ಆಟ ಯಾವ ಉಪದೇಶವನ್ನೂ ಮಾಡುವುದಿಲ್ಲ. ಗುಂಡಿಯನ್ನು ನಮ್ಮ ಕೈಯಿಂದಲೇ ಒತ್ತಿಸುತ್ತದೆ. 1994ರಲ್ಲಿ ಇದನ್ನು ಯೋಚಿಸಿದವರ ದೂರದೃಷ್ಟಿಯನ್ನು ನಾನು ಮನಸಾರೆ ಗೌರವಿಸುತ್ತೇನೆ.

ನೆಲಮಟ್ಟದ ಉದ್ಯಾನದಲ್ಲಿ ಮಿಸೆಸ್ ಪಿಯರ್‌ಮಾಂಟ್ ಎಂಬ ಸಿರಿವಂತ ಹೆಂಗಸು ಮತ್ತು ಅವಳ ನಾಯಿ ಸ್ಪಂಕಿ ಸಿಗುತ್ತಾರೆ. ನಾಯಿಯ ಬಿಸ್ಕತ್ತು, ಒಂದು ಹಲಗೆ, ಒಂದು ಕೊಳ, ಇವನ್ನು ಬಳಸಿ ಕಾವಲುಗಾರನನ್ನು ಬಾಗಿಲಿನಿಂದ ದೂರ ಮಾಡುವ ಪ್ರಸಂಗ ನನ್ನ ಸೊಸೆಗೆ ಎಲ್ಲಕ್ಕಿಂತ ಹೆಚ್ಚು ನಗೆ ತರಿಸಿತು. ಆ ಬಾಗಿಲಿನಾಚೆ ಕಾಣುವುದು ನಗುವಂಥದ್ದಲ್ಲ. ಹಾಸ್ಯದ ಬೆನ್ನಿಗೇ ಭಯವನ್ನು ಇಡುವ ಈ ಜೋಡಣೆ ಇಡೀ ಆಟದಲ್ಲಿದೆ.

ಲಿಂಕ್‌ನ ಒಳಲೋಕದ ಭಾಗಗಳು ಮಾತ್ರ ನನಗೆ ಅಂದೂ ಇಂದೂ ಅಷ್ಟಾಗಿ ಒಲಿಯಲಿಲ್ಲ. ಫಾಸ್ಟರ್ ಕಂಪ್ಯೂಟರಿನೊಳಗೆ ಪ್ರವೇಶಿಸಿ ಗುಪ್ತ ದಾಖಲೆಗಳನ್ನು ಸಂಗ್ರಹಿಸಿ ಬಿಡಿಸಬೇಕು. ಜನರಿಲ್ಲದ ಆ ಜಾಗದಲ್ಲಿ ಆಟದ ಮುಖ್ಯ ಬಲವೇ ಕೆಲಸಕ್ಕೆ ಬರುವುದಿಲ್ಲ.

ಚಿತ್ರಗಳ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ನಿರ್ದೇಶಕ ಚಾರ್ಲ್ಸ್ ಸೆಸಿಲ್ ಈ ಆಟಕ್ಕೆ ಹೆಸರಾಂತ ಕಾಮಿಕ್ಸ್ ಕಲಾವಿದ ಡೇವ್ ಗಿಬ್ಬನ್ಸ್ ಅವರನ್ನು ಕರೆತಂದರು. ಆರಂಭದ ಕಥೆಯನ್ನು ಹೇಳುವ ಕಾಮಿಕ್ಸ್ ಪುಟಗಳು ಅವರವೇ. ಆಟದ ಹಿನ್ನೆಲೆಗಳಿಗೂ ಅವರು ಪೆನ್ಸಿಲ್ ಚಿತ್ರ ಬರೆದುಕೊಟ್ಟರು, ಅವನ್ನು ಸ್ಕ್ಯಾನ್ ಮಾಡಿ ಬಣ್ಣ ತುಂಬಲಾಯಿತು. ವೇಗವಾಗಿ ದಾಟಿದರೆ ಕಂದು, ಬೂದು ಬಣ್ಣಗಳಷ್ಟೇ ಕಾಣುವ ಆ ಕಾರ್ಖಾನೆಯಲ್ಲಿ ಪೈಪುಗಳ ಜೋಡಣೆ, ತುಕ್ಕಿನ ಇಳಿಜಾರು, ದೂರದ ಗೋಪುರಗಳ ನಡುವಿನ ಮಬ್ಬು ಎಲ್ಲವೂ ಕೈಯಿಂದ ಬಂದದ್ದೆಂಬುದು ನಿಂತು ನೋಡಿದಾಗ ತಿಳಿಯುತ್ತದೆ. ಪ್ರತಿ ಹೊಸ ಜಾಗಕ್ಕೆ ಬಂದಾಗ ಮೌಸನ್ನು ಬಿಟ್ಟು ಒಂದು ನಿಮಿಷ ಚಿತ್ರವನ್ನು ನೋಡುವುದನ್ನು ನಾನು ರೂಢಿ ಮಾಡಿಕೊಂಡೆ. ಪಾತ್ರಗಳ ಓಡಾಟ ತಿಳಿದದ್ದೂ ಬಹುಪಾಲು ಆ ನಿಮಿಷಗಳಲ್ಲಿಯೇ. ಅಂತ್ಯದಲ್ಲಿ ಲಿಂಕ್ ಎದುರು ಏನು ಕಾಣುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಆಡಿಯೇ ತಿಳಿಯಬೇಕು.

ಸೇವ್ ಮಾಡುವ ವಿಚಾರದಲ್ಲಿ ಒಂದು ಮಾತು. ಈ ಆಟದಲ್ಲಿ ಫಾಸ್ಟರ್ ಸಾಯಬಲ್ಲ. ಅಪಾಯದ ಕೋಣೆಗೆ ಕಾಲಿಡುವ ಮೊದಲು ಎಫ್5 ಒತ್ತಿ ಉಳಿಸಿಕೊಳ್ಳುವುದು ಕ್ಷೇಮ. ಪ್ರತಿ ಸೇವ್‌ಗೂ ಜಾಗದ ಹೆಸರನ್ನೂ ಆ ಹೊತ್ತಿನ ಸಂದೇಹವನ್ನೂ ಸೇರಿಸಿ ಹೆಸರಿಟ್ಟರೆ, ಕೆಲವು ದಿನ ಬಿಟ್ಟು ಮರಳಿದಾಗಲೂ ಎಳೆ ತಪ್ಪುವುದಿಲ್ಲ.

ಇದರ ಮುಂದಿನ ಕಥೆ ‘ಬಿಯಾಂಡ್ ಎ ಸ್ಟೀಲ್ ಸ್ಕೈ’ 2020ರಲ್ಲಿ ಬಂದಿದೆ, ಗಿಬ್ಬನ್ಸ್ ಅದರಲ್ಲಿಯೂ ಇದ್ದಾರೆ. ಅದನ್ನು ನಾನಿನ್ನೂ ತೆರೆದಿಲ್ಲ. ಅದಕ್ಕೆ ಮೊದಲು ‘ಲೂರ್ ಆಫ್ ದ ಟೆಂಪ್ಟ್ರೆಸ್’ ಆಡಬೇಕೆಂದಿದ್ದೇನೆ. ಅದೂ ಉಚಿತವಾಗಿ ದೊರೆಯುತ್ತದೆ, ಪಾತ್ರಗಳ ಓಡಾಟ ಅದರಲ್ಲಿ ಇನ್ನೂ ಹೆಚ್ಚು. ‘ಸ್ಟೀಲ್ ಸ್ಕೈ’ನ ಕಡತಗಳನ್ನೂ ಸ್ಕಮ್‌ವಿಎಂ ಅನ್ನೂ ಅಕ್ಕನ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದೇನೆ, ಹಂಚಲು ಪರವಾನಗಿಯೇ ಅವಕಾಶ ಕೊಡುತ್ತದೆ. ವೇಗದ ಕೀಲಿಗಳು ಯಾವುವು ಎಂದು ಸೊಸೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಅವಳು ತನ್ನದೇ ನಕ್ಷೆ ಬರೆಯುತ್ತ ಎರಡನೆಯ ಅಂತಸ್ತಿಗೆ ಇಳಿದಿದ್ದಾಳೆ. ವಿಮಾ ಏಜೆಂಟನನ್ನು ಫೋನಿಗೆ ಕಳುಹಿಸಲು ಬೇರೆ ಯಾವ ಮಾತನ್ನಾದರೂ ಆಡಬಹುದೇ ಎಂದು ಮೊನ್ನೆ ಕರೆ ಮಾಡಿ ಕೇಳಿದಳು, ನೀನೇ ಮಾತನಾಡಿಸಿ ನೋಡು ಎಂದೆ.